ಕಡೆದವನು ಅಳೆಯಬಾರದು

ನನ್ನ ಮನೆಯ ಹಿಂದಿನ ಶೆಡ್ಡಿಗೆ ಸಿಮೆಂಟ್ ನೆಲ ಹಾಕಿಸುವಾಗ ಗಾರೆಯವನಿಗೆ ಮೂರು ಸಲ ಹೇಳಿದ್ದೆ: ಇಲ್ಲಿ ಲೇತ್ ಮಶೀನ್ ಕೂರುತ್ತದೆ, ಮಟ್ಟ ಅಂದರೆ ಮಟ್ಟವೇ ಇರಬೇಕು. ಅವನು ಮೂರು ಸಲವೂ ತಲೆಯಾಡಿಸಿದ. ನೆಲ ಒಣಗಿದ ಮೇಲೆ ಬೇರಿಂಗಿನ ಒಂದು ಗುಂಡನ್ನು ತಂದು ನಡುಮಧ್ಯ ಇಟ್ಟೆ. ಅದು ಸ್ವಲ್ಪ ಹೊತ್ತು ಯೋಚನೆ ಮಾಡಿ, ಆಮೇಲೆ ನಿಧಾನಕ್ಕೆ ಬಾಗಿಲಿನ ಕಡೆ ಹೊರಟು ಅಂಗಳಕ್ಕೆ ಇಳಿದುಹೋಯಿತು.

"ಇದೆಂತ ಮಾರಾಯ?" ಅಂದೆ.

"ವಾಟ ಕೊಟ್ಟಿದೀನಿ. ನೀರು ನಿಲ್ಬಾರ್ದಲ?"

"ಶೆಡ್ಡೊಳಗೆ ಯಾವ ನೀರಾ?"

"ಬರ್ತದೆ ಬಿಡಿ. ನಮ್ಮಲ್ಲಿ ನೀರು ಬರ್ದೇ ಇರೋ ಜಾಗ ಯಾವ್ದಿದೆ ಹೇಳಿ ನೋಡನ."

ಇದು ಅವನೊಬ್ಬನ ತಪ್ಪಲ್ಲ. ಸಾಗರ, ಹೊಸನಗರದ ಕಡೆಯ ಗಾರೆಯವರಿಗೆ ವಾಟ ಕೊಡದೆ ನೆಲ ಹಾಕಲು ಕೈಯೇ ಬರುವುದಿಲ್ಲ. ನೀರು ಒಂದು ಕಡೆ ಹರಿದು ಹೋಗಲಿ ಅಂತ ಕೊಡುವ ಇಳಿಜಾರು ಅದು. ಬಚ್ಚಲಿಗೆ ಸರಿ, ನಡುಮನೆಗೂ ಕೊಡುತ್ತಾರೆ, ದೇವರ ಕೋಣೆಗೂ ಕೊಡುತ್ತಾರೆ. ಅವರ ಲೆಕ್ಕದಲ್ಲಿ ಮಟ್ಟ ಅಂದರೆ ವಾಟ ಸರಿಯಾಗಿರುವುದು. ಈ ಊರಲ್ಲೇ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರಬೇಕಿತ್ತು. ಆದರೂ ಬಾಯಿಗೆ ಬಂದ ಹಾಗೆ ಬೈದೆ. ಅವನು ಪಾಪ, ಚಹಾ ಕುಡಿದು ಲೋಟ ತೊಳೆದಿಟ್ಟು ಹೋದ. ನನ್ನ ಬಾಯಿ ಕೆಟ್ಟದ್ದು, ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಬಾಯಿಯಿಂದಲೇ ನಾನು ಮೂರು ವರ್ಷದಿಂದ ಒಬ್ಬನೇ ಕೆಲಸ ಮಾಡುತ್ತಿದ್ದೇನೆ.

ಅದಕ್ಕೆ ಮುಂಚೆ ನಾವಿಬ್ಬರಿದ್ದೆವು. ಸಾಗರ ಪೇಟೆಯಲ್ಲಿ ನನ್ನದೂ ನನ್ನ ಜೊತೆಗಾರನದೂ ಸೇರಿ ಒಂದು ಬಾಡಿಗೆ ಮಳಿಗೆಯಲ್ಲಿ ಲೇತ್ ಅಂಗಡಿ ಇತ್ತು, ಇಪ್ಪತ್ತಾರು ವರ್ಷ. ಅವನು ಹಿನ್ನೀರಿನ ಆಚೆಯ ಬ್ಯಾಕೋಡಿನವನು. ಪಂಪಿನ ಶಾಫ್ಟು, ಟಿಲ್ಲರಿನ ಪಿನ್ನು, ಗಿರಣಿಯ ಪುಲ್ಲಿ, ಏನು ತಂದರೂ ಮಾಡಿಕೊಡುತ್ತಿದ್ದೆವು. ಲೇತಿನಲ್ಲಿ ಕಬ್ಬಿಣವನ್ನು ತಿರುಗಿಸಿ ಕಡೆಯುವುದು ನನ್ನ ಕೈ. ಡ್ರಿಲ್ಲು, ವೆಲ್ಡಿಂಗು ಅವನದು. ಆದರೆ ಕಡೆದ ಕೆಲಸ ಅಂಗಡಿ ಬಿಡಬೇಕಾದರೆ ಒಂದು ಕಟ್ಟಳೆ ಇತ್ತು, ಅದನ್ನು ಹಾಕಿದವನು ಅವನೇ. ಕಡೆದವನು ಅಳೆಯಬಾರದು. ನಾನು ಕಡೆದದ್ದನ್ನು ಅವನು ಮೈಕ್ರೋಮೀಟರ್ ಹಾಕಿ ಅಳೆದು "ಪಾಸ್" ಅನ್ನಬೇಕು. ಅಪರೂಪಕ್ಕೆ ಅವನು ಲೇತಿಗೆ ನಿಂತರೆ ನಾನು ಅನ್ನಬೇಕು.

"ಕಡ್ದೋನಿಗೆ ತಾನು ಕಡ್ದಿದ್ದು ಸರಿ ಇದೆ ಅಂತ ಆಸೆ ಇರ್ತದೆ ಮಾರಾಯ," ಅನ್ನುತ್ತಿದ್ದ. "ಆಸೆ ಇದ್ದೋನ ಕೈಗೆ ಮೈಕ್ರೋಮೀಟ್ರು ಕೊಡ್ಬಾರ್ದು."

ಎಷ್ಟು ಸಲ ನನಗೆ ಮೈ ಉರಿದಿದೆಯೋ. ಗಿರಾಕಿ ಬಸ್ಸಿಗೆ ಹೊತ್ತಾಯಿತು ಅಂತ ಕುಣಿಯುತ್ತಿರುವಾಗ ಇವನು ನಿಧಾನಕ್ಕೆ ಕೈ ಒರೆಸಿಕೊಂಡು, ಡಬ್ಬಿ ತೆಗೆದು, ಮೂರು ಕಡೆ ಅಳೆದು, "ಪಾಸ್ ಇಲ್ಲ" ಅನ್ನುತ್ತಿದ್ದ. ನಾನು ಗೊಣಗುತ್ತಾ ಮತ್ತೆ ಲೇತಿಗೆ ಹಿಡಿಸುತ್ತಿದ್ದೆ. ಆ ಗೊಣಗಾಟದಲ್ಲೂ ಒಂದು ನೆಮ್ಮದಿ ಇತ್ತು ಅಂತ ಗೊತ್ತಾದದ್ದು ಅವನು ಹೋದ ಮೇಲೆ.

ಜಗಳ ಆದದ್ದು ಒಂದು ಹಿಟ್ಟಿನ ಗಿರಣಿಯ ಶಾಫ್ಟಿಗೆ. ಮೇಗರವಳ್ಳಿಯ ಗಿರಣಿಯವರು ಗೋಣಿಯಲ್ಲಿ ಸುತ್ತಿ, ಬಸ್ಸಿಂದ ಬಸ್ಸಿಗೆ ಹೊತ್ತು ತಂದಿದ್ದರು. ಸವೆದ ಜಾಗಕ್ಕೆ ಇವನು ವೆಲ್ಡಿಂಗ್ ತುಂಬಿದ, ನಾನು ಬೇರಿಂಗ್ ಕೂರುವಷ್ಟಕ್ಕೆ ಕಡೆದೆ, ಇವನು ಅಳೆದು ಪಾಸ್ ಅಂದ. ಅವರು ಹೊತ್ತುಕೊಂಡು ಹೋದರು. ನಾಲ್ಕು ದಿನಕ್ಕೆ ಶಾಫ್ಟು ಮತ್ತೆ ಗೋಣಿಯಲ್ಲಿ ವಾಪಸ್ಸು ಬಂತು. ಬಿಗಿಯಾಗಿ ಕೂರಬೇಕಾದ ಬೇರಿಂಗು ಸಣ್ಣ ಕೈಗೆ ದೊಡ್ಡ ಬಳೆ ಹಾಕಿದ ಹಾಗೆ ಸುತ್ತುತ್ತಿತ್ತು. ಗಿರಣಿಯವರು ಏನೂ ಅನ್ನಲಿಲ್ಲ. ಅನ್ನದೆ ನಿಂತರಲ್ಲ, ಅದೇ ನನಗೆ ತಡೆಯಲಿಲ್ಲ.

ಕಡೆದವನು ನಾನು, ಸರಿ. ಆದರೆ ಪಾಸ್ ಮಾಡಿದವನು ಅವನು. ಕಟ್ಟಳೆ ಪ್ರಕಾರ ಉತ್ತರ ಕೊಡಬೇಕಾದವನು ಪಾಸ್ ಮಾಡಿದವನು. ಹಾಗಂತ ನನಗೆ ನಾನೇ ಹೇಳಿಕೊಂಡು, ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿರುವಾಗಲೇ ಬಾಯಿ ಬಿಟ್ಟೆ.

"ಕಣ್ಣೆಲ್ಲಿ ಇಟ್ಕೊಂಡು ಅಳೀತೀಯ? ಬ್ಯಾಕೋಡಲ್ಲೇ ಬಿಟ್ಟು ಬಂದ್ಯಾ?"

ಇನ್ನೂ ಏನೇನೋ ಅಂದೆ. ಅವನು ಮೈಕ್ರೋಮೀಟರನ್ನು ಒರೆಸಿ ಡಬ್ಬಿಯಲ್ಲಿಟ್ಟು, ಡಬ್ಬಿಯ ಮುಚ್ಚಳ ಹಾಕಿ, ಊಟಕ್ಕೆ ಹೋದ. ಮಾರನೆಯ ದಿನ ಬೆಳಗ್ಗೆ ಬಂದವನು ಚಪ್ಪಲಿ ಬಿಡುವ ಮೊದಲೇ "ಪಾಲು ಮಾಡ್ಕಳನ" ಅಂದ. ನಾನೂ "ಮಾಡ್ಕಳನ" ಅಂದೆ. ಬೇಡ ಅನ್ನಬಹುದಿತ್ತು. ಆಗ ಎಲ್ಲಿಂದ ಬರಬೇಕು ಆ ಬುದ್ಧಿ.

ಲೇತು ನನಗೆ ಬಂತು. ಡ್ರಿಲ್ಲಿಂಗ್ ಮಶೀನು, ವೆಲ್ಡಿಂಗ್ ಸೆಟ್ಟು, ಅಳತೆಯ ಸಾಮಾನು ಅವನಿಗೆ ಹೋದವು. ಒಂದು ಹಳೆಯ ಮೈಕ್ರೋಮೀಟರನ್ನು ಮಾತ್ರ ಅವನೇ ನನ್ನ ಮೇಜಿನ ಮೇಲೆ ಇಟ್ಟುಹೋಗಿದ್ದ. ನಾನು ಮಳಿಗೆ ಖಾಲಿ ಮಾಡಿ ಲೇತನ್ನು ಮನೆಗೆ ತಂದೆ.

ಮನೆ ಅಂದರೆ ನಾನೊಬ್ಬನೇ. ಮದುವೆ ಆಗಲಿಲ್ಲ, ಯಾಕೆ ಅಂತ ಕೇಳುವವರೂ ಈಗ ಯಾರಿಲ್ಲ. ತಂಗಿಯನ್ನು ತೀರ್ಥಹಳ್ಳಿ ಕಡೆ ಅರಳಸುರಳಿಗೆ ಕೊಟ್ಟಿದೆ. ಅವಳು ಭಾನುವಾರ ಫೋನ್ ಮಾಡಿ ಊಟ ಆಯಿತಾ ಅಂತ ಕೇಳುತ್ತಾಳೆ. ಡೈರಿಯಲ್ಲಿ ಹಾಲು ಹಾಕಿಸಿಕೊಳ್ಳುವಾಗ ಎರಡು ಮಾತು, ಗಿರಾಕಿ ಬಂದರೆ ನಾಲ್ಕು ಮಾತು. ಗಿರಾಕಿ ಬಾರದ ದಿನ ಸಂಜೆ ಯಾರಾದರೂ ಕರೆದರೆ ಗಂಟಲು ಕಟ್ಟಿ, ಮೊದಲ ಮಾತು ಹೊರಡುವುದೇ ಇಲ್ಲ.

ಅದಕ್ಕಿಂತ ಕಷ್ಟ ಬೇರೆ ಇತ್ತು. ಈಗ ಕಡೆಯುವವನೂ ನಾನೇ, ಅಳೆಯುವವನೂ ನಾನೇ. ಒಂದು ಪಿನ್ನು ಕಡೆದು, ಅಳೆದು, ಸರಿ ಇದೆ ಅಂತ ಅನ್ನಿಸಿದರೂ ನಂಬಿಕೆ ಬರುವುದಿಲ್ಲ. ಮತ್ತೆ ಅಳೆಯುತ್ತೇನೆ. ಚಹಾ ಕುಡಿದು ಬಂದು ಮತ್ತೆ ಅಳೆಯುತ್ತೇನೆ. "ಸರಿ ಇದ್ಯಾ?" ಅಂತ ಒಂದೆರಡು ಸಲ ಜೋರಾಗಿಯೇ ಕೇಳಿ, ಉತ್ತರಕ್ಕೆ ಕಾದು, ಆಮೇಲೆ ನನಗೇ ನಾಚಿಕೆಯಾಗಿದೆ. ನನ್ನ ಕೆಲಸವನ್ನು ಪಾಸ್ ಅನ್ನುವವರು ಒಬ್ಬರೂ ಇಲ್ಲದೆ ಬದುಕುವುದು ನನ್ನಿಂದ ಆಗುತ್ತಿರಲಿಲ್ಲ. ಇಷ್ಟೇ ವಿಷಯ.

ಈ ವರ್ಷ ದೀಪಾವಳಿ ಕಳೆದ ಮೇಲೆ ಲೇತು ಕೈ ಕೊಡತೊಡಗಿತು. ಒಂದು ಗೇಣು ಉದ್ದದ ಸರಳು ಕಡೆದರೆ ಈ ತುದಿ ದಪ್ಪ, ಆ ತುದಿ ಸಣ್ಣ. ಟೂಲ್ ಬದಲಿಸಿದೆ, ಬೆಲ್ಟ್ ಬಿಗಿ ಮಾಡಿದೆ, ಬೈದೆ. ಯಾವುದಕ್ಕೂ ಬಗ್ಗಲಿಲ್ಲ. ಕಾರಣ ನನಗೆ ಗೊತ್ತಿತ್ತು, ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಬೆಡ್ ತಿರುಚಿಕೊಂಡಿತ್ತು. ಲೇತಿಗೆ ಬೆಡ್ ಅಂದರೆ ಅದರ ಬೆನ್ನು: ಮೇಲೆ ಎರಡು ಹಳಿ ಇರುವ ಉದ್ದನೆಯ ಎರಕದ ಕಬ್ಬಿಣ. ನನ್ನದು ಪಂಜಾಬಿನ ಕಡೆಯದು, ನಾಲ್ಕೂವರೆ ಅಡಿ, ಆರು ಜನ ಎತ್ತಬೇಕು. ಅಷ್ಟು ದಪ್ಪ ಕಬ್ಬಿಣ ತಿರುಚುತ್ತದಾ ಅಂತ ಕೇಳುವವರಿದ್ದಾರೆ. ತಿರುಚುತ್ತದೆ. ಮಂಚದ ಒಂದು ಕಾಲು ಗಿಡ್ಡ ಇದ್ದರೆ ಮಂಚ ಅಲ್ಲಾಡಿ ತೋರಿಸುತ್ತದೆ. ಲೇತು ಅಲ್ಲಾಡುವುದಿಲ್ಲ. ತನ್ನ ಭಾರಕ್ಕೆ ತಾನೇ ಮೈ ತಿರುಚಿಕೊಂಡು ಸುಮ್ಮನೆ ಕೂತುಬಿಡುತ್ತದೆ. ವಾಟ ಕೊಟ್ಟ ನೆಲದ ಮೇಲೆ ಕಣ್ಣಳತೆಯಲ್ಲಿ ತಗಡು ತುರುಕಿ ಕೂರಿಸಿದ್ದೆ; ಮೂರು ಮಳೆಗಾಲಕ್ಕೆ ಆ ತಗಡು ಕುಸಿದಿತ್ತು, ಅದರ ಫಲ.

ಬೆಡ್ ಮೇಲೆ ಗಾರೆಯವರ ಲೆವೆಲ್ ಇಟ್ಟು ನೋಡಿದೆ. ಅದರ ಗಾಜಿನ ಕೊಳವೆಯೊಳಗಿನ ಗಾಳಿಗುಳ್ಳೆ ಎಲ್ಲಿಟ್ಟರೂ ನಡುವೆಯೇ ನಿಂತು ನನ್ನನ್ನು ಖುಷಿಪಡಿಸಿತು. ಆಮೇಲೆ ನೀರಿನ ಪೈಪಿನಲ್ಲಿ ಮಟ್ಟ ನೋಡಲು ಹೊರಟೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಆ ತುದಿಯನ್ನೊಬ್ಬರು, ಈ ತುದಿಯನ್ನೊಬ್ಬರು ಹಿಡಿದು ನೋಡುವ ಕೆಲಸ ಅದು. ನಾನು ಆ ತುದಿಯನ್ನು ಬಟ್ಟೆ ಕ್ಲಿಪ್ಪಿನಲ್ಲಿ ಮೊಳೆಗೆ ಸಿಕ್ಕಿಸಿ ಈ ತುದಿಗೆ ಬರುವಷ್ಟರಲ್ಲಿ ಕ್ಲಿಪ್ಪು ಬಿಟ್ಟು, ನೀರೆಲ್ಲ ನೆಲಕ್ಕೆ ಬಿದ್ದು, ವಾಟದಲ್ಲಿ ಚೆನ್ನಾಗಿ ಹರಿದು ಅಂಗಳಕ್ಕೆ ಹೋಯಿತು. ಗಾರೆಯವನು ನೋಡಿದ್ದರೆ ಸಂತೋಷಪಡುತ್ತಿದ್ದ.

ಬೆಡ್ಡಿಗೆ ಬೇಕಾದ ಲೆವೆಲ್ಲೇ ಬೇರೆ. ಅಂಗೈಗಿಂತ ಸ್ವಲ್ಪ ಉದ್ದ, ಎತ್ತಿದರೆ ಕೈ ಜಗ್ಗುತ್ತದೆ, ಮರದ ಪೆಟ್ಟಿಗೆಯಲ್ಲಿ ಇಡಬೇಕು. ಅದರ ಗಾಜಿನ ಮೇಲೆ ಗೆರೆಗಳಿರುತ್ತವೆ. ಮೀಟರ್ ಉದ್ದದಲ್ಲಿ ತಲೆಕೂದಲಿನ ಕಾಲು ಭಾಗದಷ್ಟು ಏರುಪೇರಿದ್ದರೂ ಗುಳ್ಳೆ ಒಂದು ಗೆರೆ ಸರಿಯುತ್ತದೆ. ಅದನ್ನು ಎರಡು ಹಳಿಗಳಿಗೆ ಅಡ್ಡಡ್ಡ ಇಟ್ಟು, ಸರಳನ್ನು ಕಚ್ಚಿ ತಿರುಗಿಸುವ ಚಕ್ಕಿನ ಕಡೆ ಒಮ್ಮೆ, ಅದರ ಎದುರು ತುದಿಯ ಬಾಲದ ಕಡೆ ಒಮ್ಮೆ ನೋಡಬೇಕು. ಎರಡೂ ಕಡೆ ಗುಳ್ಳೆ ಒಂದೇ ಜಾಗದಲ್ಲಿ ನಿಂತರೆ ಬೆಡ್ ತಿರುಚಿಲ್ಲ ಅಂತ ಅರ್ಥ. ಆ ಲೆವೆಲ್ ಪಾಲಿನಲ್ಲಿ ಬ್ಯಾಕೋಡಿಗೆ ಹೋಗಿತ್ತು.

"ಆನ್‌ಲೈನಲ್ಲಿ ಸಿಗ್ತದೆ ಮಾವ, ನಾನು ಆರ್ಡರ್ ಮಾಡ್ಲಾ?" ಅಂತ ತಂಗಿಯ ಮಗಳು ಫೋನಿನಲ್ಲಿ ಕೇಳಿದಳು. "ಬೇಡ ಇರು" ಅಂದೆ. ಹತ್ತು ದಿನ "ಬೇಡ ಇರು" ಅಂದುಕೊಂಡೇ ಕಳೆದೆ. ಸುಳ್ಳು ಯಾಕೆ ಹೇಳಲಿ? ಅವನಿಗೆ ಫೋನ್ ಮಾಡಲು ಮೂರು ವರ್ಷದಿಂದ ನನಗೊಂದು ನೆಪ ಬೇಕಿತ್ತು. ಅದು ಲೇತಿನ ರೂಪದಲ್ಲಿ ಬಂದಿದೆ, ಆರ್ಡರ್ ಮಾಡಿ ಕೆಡಿಸಿಕೊಳ್ಳಲಾ?

ಹನ್ನೊಂದನೆಯ ದಿನ ಫೋನ್ ಮಾಡಿದೆ. ಎತ್ತಿದ.

"ಲೆವೆಲ್ ಬೇಕಿತ್ತು," ಅಂದೆ. ಹೇಗಿದ್ದೀಯ ಅಂತ ಕೇಳಬೇಕು ಅಂದುಕೊಂಡಿದ್ದು ಬಾಯಿಗೆ ಬರಲೇ ಇಲ್ಲ.

"ಹ್ಞೂಂ."

"ಬೆಡ್ ತಿರುಚಿದೆ."

"ಯಾವ ಕಾಲು?"

"ಬಾಲದ ಕಡೆದು. ಹಿಂದಿಂದು ಅನ್ನಿಸ್ತದೆ."

"ಅನ್ನಿಸೋದ್ ಬೇಡ. ನೋಡನ. ಗುರುವಾರ ತರ್ತೀನಿ."

"ನಾನೇ ಬರ್ತೀನಿ ಬೇಕಾದ್ರೆ."

"ಬೇಡ ಬೇಡ. ನಂಗೂ ಪ್ಯಾಟೇಲಿ ಕೆಲ್ಸ ಇದೆ."

ಫೋನ್ ಇಟ್ಟ ಮೇಲೆ ನಾನು ಶೆಡ್ಡಿನ ಕಸ ಗುಡಿಸಿದೆ. ಮೊದಲೆಲ್ಲ ಅವನು ತಡವಾಗಿ ಬಂದ ದಿನ "ಲಾಂಚ್ ತಪ್ಪಿತು" ಅನ್ನುತ್ತಿದ್ದ. ಹಿನ್ನೀರು ದಾಟಿಸುವ ಆ ಲಾಂಚ್ ಹೊಳೆಬಾಗಿಲಿನಲ್ಲಿ ನಿಜವಾಗಿ ಎಷ್ಟು ಸಲ ತಪ್ಪಿತೋ, ಆ ದಡದವರು ಎಷ್ಟು ಸಲ ತಪ್ಪಿಸಿದರೋ ದೇವರಿಗೇ ಗೊತ್ತು. ಮಳೆಗಾಲದಲ್ಲಂತೂ ಕೇಳುವ ಹಾಗೇ ಇರಲಿಲ್ಲ. ಈಗ ಸೇತುವೆ ಆಗಿದೆ, ಆ ನೆಪ ಯಾರಿಗೂ ಸಿಗುವುದಿಲ್ಲ. ಬರುವುದಿದ್ದರೆ ಬರುತ್ತಾನೆ, ಬಾರದಿದ್ದರೆ ಮನಸ್ಸಿಲ್ಲ ಅಂತಲೇ ಅರ್ಥ. ಗುರುವಾರದವರೆಗೆ ನಾನು ಅದನ್ನೇ ಯೋಚಿಸಿದೆ.

ಗುರುವಾರ ಹತ್ತೂವರೆಗೆ ಬಂದ. ಬಟ್ಟೆ ಚೀಲದಲ್ಲಿ ಪೆಟ್ಟಿಗೆ ಹಾಕಿಕೊಂಡು ಎದೆಗೆ ಅವುಚಿಕೊಂಡಿದ್ದ. ರಸ್ತೆಯಿಂದ ಬಹಳ ನಿಧಾನಕ್ಕೆ ನಡೆದು ಬಂದು, ಗೇಟಿನ ಹತ್ತಿರ ಚಿಲಕದ ಮೇಲೆ ಕೈಯಿಟ್ಟು ಸುಮಾರು ಹೊತ್ತು ನಿಂತ. ಒಳಗೆ ಬರಲೋ ಬೇಡವೋ ಅಂತ ಯೋಚಿಸುತ್ತಿದ್ದಾನೆ ಅಂದುಕೊಂಡೆ. ಅಷ್ಟು ಸಿಟ್ಟು ಇನ್ನೂ ಇದೆಯಾ ಅನ್ನಿಸಿತು. ಹೋಗಿ ನಾನೇ ಗೇಟು ತೆಗೆದೆ.

"ಬಾರಾ. ಚಾ ಕುಡೀತೀಯಾ?"

"ಆಮೇಲೆ. ಬೆಡ್ ಎಲ್ಲಿದೆ ತೋರ್ಸು."

ಶೆಡ್ಡಿನಲ್ಲಿ ಅವನು ಲೇತಿನ ಮೇಲೆ ಕೈಯಾಡಿಸಿದ. ಚಕ್ಕು, ಹಳಿ, ಹ್ಯಾಂಡಲು, ಎಲ್ಲವನ್ನೂ ಮುಟ್ಟಿದ. ನನಗೆ ಏನೂ ಅನ್ನಿಸಲಿಲ್ಲ, ಇಪ್ಪತ್ತಾರು ವರ್ಷ ಅವನ ಲೇತೂ ಹೌದಲ್ಲ. ಮೊದಲಿನ ಹಾಗೆ ಕೆಲಸ ಹಂಚಿಕೊಂಡೆವು. ನಾನು ನೆಲಕ್ಕೆ ಒರಗಿ ಬಾಲದ ಕಡೆಯ ಕಾಲಿನ ಬೋಲ್ಟು ಸಡಿಲಿಸಿ, ಅಡಿಗೆ ಹಿತ್ತಾಳೆಯ ತೆಳು ತಗಡಿನ ಚೂರು ಕೊಡಬೇಕು. ಅವನು ಮೇಲೆ ನಿಂತು ಗುಳ್ಳೆ ಓದಬೇಕು.

"ಎಷ್ಟಿದೆ?"

"ಹಿಂದಕ್ಕೆ ಎರಡು ಗೆರೆ."

ಒಂದು ತಗಡು ಕೊಟ್ಟು ಬಿಗಿ ಮಾಡಿದೆ. "ಈಗ?"

"ಹಿಂದಕ್ಕೆ... ಒಂದೂವರೆ."

ಆ ಧ್ವನಿ ಮೇಲಿನಿಂದ ಬರುತ್ತಿತ್ತು, ನಾನು ಕೆಳಗಿದ್ದೆ. ಮೂರು ವರ್ಷದ ಮೇಲೆ ನನ್ನ ಪ್ರಶ್ನೆಗೆ ಒಬ್ಬರು ಉತ್ತರ ಕೊಡುತ್ತಿದ್ದರು. ಬೆನ್ನಿಗೆ ನೆಲದ ತಂಡಿ ಹೊಡೆಯುತ್ತಿತ್ತು, ಮಂಡಿ ನೋಯುತ್ತಿತ್ತು. ಆದರೂ ನನಗೆ ಅಷ್ಟು ಸಂತೋಷ ಯಾವಾಗ ಆಗಿತ್ತೋ ನೆನಪಿಲ್ಲ. ಒಂದು ಗಂಟೆ ಹಾಗೇ ಕಳೆಯಿತು.

ಆದರೆ ಲೆಕ್ಕ ಕೂಡಿಬರುತ್ತಿರಲಿಲ್ಲ. ತಗಡು ಕೊಟ್ಟರೆ ಕಡಿಮೆಯಾಗಬೇಕಾದದ್ದು ಜಾಸ್ತಿ ಆಗುತ್ತಿತ್ತು. ತೆಗೆದರೆ ಅಷ್ಟೇ ಇರುತ್ತಿತ್ತು. ಒಮ್ಮೆ "ಮುಂದಕ್ಕೆ ಮೂರು" ಅಂದ. ನಾನು ಬೋಲ್ಟು ಮುಟ್ಟದೆ ಸುಮ್ಮನೆ ಮಲಗಿದ್ದು "ಈಗ?" ಅಂದೆ. "ಮುಂದಕ್ಕೆ ಎರಡು, ಬರ್ತಾ ಇದೆ," ಅಂದ.

ಬರ್ತಾ ಇದೆಯಂತೆ! ನನಗೆ ತಲೆಗೇರಿತು. ಸೇಡು ತೀರಿಸಿಕೊಳ್ಳುತ್ತಿದ್ದಾನೆ, ನನ್ನನ್ನು ನೆಲದ ಮೇಲೆ ಹೊರಳಾಡಿಸಿ ಮಜಾ ನೋಡುತ್ತಿದ್ದಾನೆ ಅಂದುಕೊಂಡೆ. ಸ್ಪ್ಯಾನರ್ ಬಿಸಾಡಿ ಎದ್ದೆ.

"ಎಂತ ಆಟ ಆಡ್ತಿದೀಯಾ? ಹ್ಞಾಂ? ಇದಕ್ಕೇ ಬಂದ್ಯಾ ಅಲ್ಲಿಂದ?"

ನಾನು ಬಗ್ಗಿ ಲೆವೆಲ್ ನೋಡಿದೆ. ಗುಳ್ಳೆ ಎಲ್ಲ ಗೆರೆಗಳನ್ನೂ ದಾಟಿ ಗಾಜಿನ ತುದಿಗೆ ಹೋಗಿ ಅಂಟಿಕೊಂಡಿತ್ತು. ಚಿಕ್ಕ ಮಕ್ಕಳಿಗೂ ಕಾಣುವ ಹಾಗಿತ್ತು. ಆಮೇಲೆ ಅವನ ಮುಖ ನೋಡಿದೆ. ಅವನು ಕತ್ತು ಬಗ್ಗಿಸಿ ಬಹಳ ಗಮನ ಕೊಟ್ಟು ನೋಡುತ್ತಿದ್ದ. ನೋಡುತ್ತಿದ್ದದ್ದು ಲೆವೆಲ್ಲನ್ನಲ್ಲ, ಅದರ ಪಕ್ಕ ಒಂದು ಗೇಣು ಆಚೆ, ಬರೀ ಹಳಿಯನ್ನು.

"ಕಾಣ್ತಾ ಇಲ್ವಾ?" ಅಂದೆ.

"ಬೆಳಕು ಕಾಣ್ತದೆ. ನೀನು ಕಾಣ್ತೀಯ, ದಪ್ಪಕ್ಕೆ." ಸ್ವಲ್ಪ ನಕ್ಕ. "ಗೆರೆ ಕಾಣಲ್ಲ. ಸಕ್ಕರೆ ಕಾಯ್ಲೆ ಕಣ್ಣಿಗೆ ಹೋಗಿದೆ. ಇನ್ನು ವಾಪಸ್ ಬರಲ್ಲ ಅಂದಿದಾರೆ."

"ಯಾವಾಗಿಂದ?"

"ಗಿರಣಿ ಶಾಫ್ಟಿಗಿಂತ ಮುಂಚಿಂದ. ಒಂದು ವರ್ಷ ಮುಂಚಿಂದ ಅಂತಿಟ್ಕ. ಆಗ್ಲೇ ಮೈಕ್ರೋಮೀಟ್ರಿನ ಗೆರೆ ಕಾಣ್ತಿರ್ಲಿಲ್ಲ."

"ಮತ್ತೆ ಪಾಸ್ ಅಂತಿದ್ಯಲ್ಲೋ ಒಂದು ವರ್ಷ!"

"ನೀನು ಕಡ್ದಿದ್ದು ತಪ್ಪಾಗ್ತಿರ್ಲಿಲ್ವಲ ಮಾರಾಯ. ಅಳ್ದ ಹಾಗೆ ಮಾಡಿ ಪಾಸ್ ಅಂತಿದ್ದೆ."

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಆ ಒಂದು ವರ್ಷ ಅವನು ಪಾಸ್ ಅಂದ ಒಂದೊಂದು ಕೆಲಸವೂ ಕಣ್ಣ ಮುಂದೆ ಬಂತು. ಯಾವುದನ್ನೂ ಅವನು ನೋಡಿರಲಿಲ್ಲ. ಕೈ ಒರೆಸಿಕೊಂಡು, ಡಬ್ಬಿ ತೆಗೆದು, ಮೂರು ಕಡೆ ಹಿಡಿದು, ನನ್ನನ್ನು ನಂಬಿ ಪಾಸ್ ಅಂದಿದ್ದ. ಆ ಗಿರಣಿ ಶಾಫ್ಟನ್ನೂ ಹಾಗೇ ನಂಬಿದ್ದ. ಅವನಿಗೆ ನಾನು ಊರವರ ಎದುರು ಕಣ್ಣೆಲ್ಲಿ ಅಂತ ಕೇಳಿದ್ದೆ. ನನಗೆ ನನ್ನ ಮೇಲೆ ಹೇಸಿಗೆ ಹುಟ್ಟಿತು.

"ಇವತ್ತಾದ್ರೂ ಹೇಳ್ಬಾರ್ದಾಗಿತ್ತಾ? ಬಂದ ಕೂಡ್ಲೆ?"

"ಹೇಳಿದ್ರೆ ಲೆವೆಲ್ ಇಸ್ಕೊಂಡು, ಚಾ ಕೊಟ್ಟು, ಹನ್ನೊಂದೂವರೆ ಬಸ್ಸಿಗೆ ಕಳಿಸ್ತಿದ್ದೆ ನೀನು." ಅವನು ಲೇತಿನ ಹ್ಯಾಂಡಲನ್ನು ಸುಮ್ಮನೆ ತಿರುಗಿಸುತ್ತಿದ್ದ. "ಮೂರು ವರ್ಷದ ಮೇಲೆ ಕರ್ದಿದೀಯ. ಕೆಲ್ಸ ಇದೆ ಅಂದ್ರೆ ಸಂಜೆವರೆಗೆ ಇರಬೌದಲ ಅನ್ನಿಸ್ತು. ಮನೇಲಿ ನಂಗೆ ಯಾರೂ ಒಂದು ಲೋಟ ಎತ್ತಿಡಕ್ಕೂ ಹೇಳಲ್ಲ ಈಗ."

ನಾನು ಒಳಗೆ ಹೋಗಿ ಚಹಾ ಮಾಡಿದೆ. ಒಲೆಯ ಹತ್ತಿರ ನಿಂತು ಸ್ವಲ್ಪ ಅತ್ತೆ. ಸಕ್ಕರೆ ಹಾಕದೆ ತಂದುಕೊಟ್ಟು, "ಕುಡ್ದು ಕೆಳಗೆ ಮಲ್ಕ. ಬೋಲ್ಟು ನೀನು, ಗುಳ್ಳೆ ನಾನು," ಅಂದೆ.

"ಅಷ್ಟೊತ್ತಿಂದ ಹೀಗೇ ಮಾಡಿದ್ರೆ ಆಗಿಹೋಗ್ತಿತ್ತು," ಅಂದ ಅವನು, ತಪ್ಪೆಲ್ಲ ನನ್ನದೇ ಅನ್ನುವ ಹಾಗೆ.

ನೆಲಕ್ಕೆ ಒರಗಿದ ಮೇಲೆ ಅವನಿಗೆ ಕಣ್ಣಿನ ಅಗತ್ಯವೇ ಇರಲಿಲ್ಲ. ನಾನು ಕೊಟ್ಟಿದ್ದ ತಗಡುಗಳನ್ನೆಲ್ಲ ಎಳೆದು ಹಾಕಿ, ಬೆರಳಲ್ಲೇ ಸವರಿ ದಪ್ಪ ಯಾವುದು ತೆಳು ಯಾವುದು ಅಂತ ಬೇರೆ ಮಾಡಿಕೊಂಡ. ನಾನು ಗೆರೆ ಹೇಳಿದೆ, ಅವನು ಸ್ಪ್ಯಾನರನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿದ. ಗುಳ್ಳೆ ಗಾಜಿನ ತುದಿ ಬಿಟ್ಟು ನಿಧಾನಕ್ಕೆ ಹೊರಟಿತು. ನಾನು ಲೆವೆಲ್ಲನ್ನು ಚಕ್ಕಿನ ಕಡೆ ಇಟ್ಟೆ, ಬಾಲದ ಕಡೆ ಇಟ್ಟೆ, ಮತ್ತೆ ಚಕ್ಕಿನ ಕಡೆ ಇಟ್ಟೆ. ಮಧ್ಯೆ ಅನ್ನ ಸಾರು ಉಂಡೆವು. ಅವನು ಜಾಸ್ತಿ ಹುಳಿ ಅಂದ, ನಾನು ಸುಮ್ಮನೆ ಉಣ್ಣು ಅಂದೆ. ನಾಲ್ಕು ಗಂಟೆಯ ಹೊತ್ತಿಗೆ ಎರಡೂ ಕಡೆ ಗುಳ್ಳೆ ಒಂದೇ ಜಾಗದಲ್ಲಿ ನಿಂತಿತು.

"ಈಗ ಕಡಿಯೋದ್ ಬೇಡ," ಅಂದ, ಮೈ ಕೊಡವಿಕೊಳ್ಳುತ್ತಾ. "ಕಬ್ಬಿಣ ಸುಧಾರಿಸ್ಕಳ್ಲಿ. ಬೆಳಗ್ಗೆ ಕಡ್ದು ನೋಡು. ಲೆವೆಲ್ ಇಲ್ಲೇ ಇರ್ಲಿ, ನಂಗೆಂತಕ್ಕೆ ಅದು."

ಬಸ್ ನಿಲ್ದಾಣಕ್ಕೆ ಅವನ ಜೊತೆ ನಡೆದೆ. ರಸ್ತೆ ದಾಟುವಾಗ ಮೊಣಕೈ ಹಿಡಿದುಕೊಂಡೆ, ಅವನು ಬಿಡಿಸಿಕೊಳ್ಳಲಿಲ್ಲ. ಬೆಂಚಿನ ಮೇಲೆ ಕೂತ ಮೇಲೆ, ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಅನ್ನಿಸಿತು.

"ಆ ಶಾಫ್ಟ್ ಕೆಡ್ಸಿದ್ದು ನಾನು," ಅಂದೆ. "ಅವತ್ತು ಕಿವಿಗೆ ಫೋನ್ ಸಿಕ್ಕಿಸ್ಕೊಂಡು ತಂಗಿ ಹತ್ರ ಮಾತಾಡ್ತಾ ಕಡ್ದಿದ್ದೆ. ಜಾಸ್ತಿ ಕಡ್ದೆ ಅಂತ ಆಗ್ಲೇ ಅನುಮಾನ ಬಂದಿತ್ತು. ನೀನು ಹೆಂಗೂ ಅಳೀತೀಯಲ ಅಂತ ಸುಮ್ನಾದೆ. ತಪ್ಪಾಯ್ತು ಮಾರಾಯ."

ಇದನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅವನು ರಸ್ತೆಯ ಕಡೆ ಮುಖ ಮಾಡಿ ಕೂತಿದ್ದ.

"ಗೊತ್ತಿತ್ತು," ಅಂದ. "ಕಣ್ಣಷ್ಟೇ ಹೋಗಿದ್ದು, ಕಿವಿ ಇತ್ತಲ."

"ಮತ್ತೆ ಅವತ್ತು ಯಾಕೆ ಬಾಯಿ ಬಿಡ್ಲಿಲ್ಲ?"

"ನಿಂದು ಹೇಳಿದ್ರೆ ನಂದೂ ಹೇಳ್ಬೇಕಿತ್ತಲ."

ಬಸ್ಸು ಬಂತು. ಬ್ಯಾಕೋಡಿನದೇ ಅಂತ ನಾನು ಬೋರ್ಡು ಓದಿ ಹೇಳಿ, ಹತ್ತಿಸಿ, ಕಂಡಕ್ಟರಿಗೆ ಇಳಿಸುವ ಜಾಗ ಎರಡು ಸಲ ಹೇಳಿದೆ. ಅವನಿಗೆ ನಾಚಿಕೆಯಾಗಿ "ಸಾಕು ಹೋಗಾ" ಅಂದ. ಬಸ್ಸು ಹೋದ ಮೇಲೆ ನನಗೆ ಖಾಲಿ ಖಾಲಿ ಅನ್ನಿಸಿತು. ತಪ್ಪು ಒಪ್ಪಿಕೊಂಡದ್ದಾಯಿತು, ಮಾತು ಶುರುವಾಯಿತು, ಎಲ್ಲ ಸರಿ. ಆದರೆ ನನ್ನ ಕೆಲಸ ಅಳೆಯುವ ಕಣ್ಣು ಮಾತ್ರ ಇನ್ನು ಎಲ್ಲೂ ಇರಲಿಲ್ಲ. ಅದಕ್ಕಾಗಿಯೇ ನಾನು ಅವನನ್ನು ಕರೆದದ್ದು.

ಮಾರನೆಯ ಬೆಳಗ್ಗೆ ಚಕ್ಕಿಗೆ ಒಂದು ಸರಳು ಹಿಡಿಸಿ, ಎರಡು ಕಡೆ ಒಂದೊಂದು ಪಟ್ಟಿ ಉಳಿಯುವ ಹಾಗೆ ಕಡೆದೆ. ಕೊನೆಯ ಸುತ್ತಿನಲ್ಲಿ ಟೂಲಿಗೆ ಕೈ ಹಾಕದೆ ಎರಡನ್ನೂ ಒಂದೇ ಓಟದಲ್ಲಿ ಸವರಿದೆ. ಬೆಡ್ ನೆಟ್ಟಗಿದ್ದರೆ ಎರಡು ಪಟ್ಟಿಯ ದಪ್ಪವೂ ಒಂದೇ ಬರಬೇಕು. ಒರೆಸಿ ಅಳೆದೆ. ಮಿಲಿಮೀಟರಿನ ನೂರನೇ ಒಂದು ಪಾಲು ವ್ಯತ್ಯಾಸ ಇತ್ತು. ನಾವು ಅದನ್ನು ಒಂದು ಪಾಯಿಂಟ್ ಅನ್ನುತ್ತಿದ್ದೆವು. ಮೊದಲಿದ್ದ ಸೊಟ್ಟಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. ನಮ್ಮ ಪಂಪಿಗೆ, ಗಿರಣಿಗೆ ಅಷ್ಟು ಬೇಕಾದಷ್ಟಾಯಿತು.

ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದ.

"ಕಡ್ದ್ಯಾ? ಎಷ್ಟು ಬಂತು?"

ಎರಡೂ ಒಂದೇ ಅನ್ನೋಣ ಅಂತ ಬಾಯಿಗೆ ಬಂದಿತ್ತು. ಅವನಿಗೂ ಸಂತೋಷ ಆಗುತ್ತಿತ್ತು. ಸುಳ್ಳು ಅಂತ ಹಿಡಿಯುವವರು ಯಾರೂ ಇರಲಿಲ್ಲ, ಅವನಿಗಂತೂ ಆಗುತ್ತಲೇ ಇರಲಿಲ್ಲ. ಸರಳನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ.

"ಬಾಲದ ಕಡೆ ಒಂದು ಪಾಯಿಂಟ್ ದಪ್ಪ," ಅಂದೆ.

"ಪಾಸ್ ಇಲ್ಲ," ಅಂದ.

"ಅಯ್ಯೋ, ಒಂದು ಪಾಯಿಂಟಿಗೆ ಯಾರು ಮಾರಾಯ..."

"ಪಾಸ್ ಇಲ್ಲ ಅಂದ್ನಲ. ಬಾಲದ ಕಡೆ ಹಿಂದಿನ ಕಾಲು ಇನ್ನೊಂಚೂರು ನೋಡು. ಇವತ್ತು ಬಿಟ್ಟು, ನಾಳೆ ಕಡ್ದು ಹೇಳು."

ಹ್ಞೂಂ, ನಾಳೆ ಹೇಳ್ತೀನಿ ಅಂದೆ. ಫೋನ್ ಇಟ್ಟು ಗೊಣಗುತ್ತಾ ನೆಲಕ್ಕೆ ಒರಗಿ ಸ್ಪ್ಯಾನರ್ ಹುಡುಕಿದೆ. ಕಣ್ಣು ಮಂಜಾಗಿ ಬೋಲ್ಟು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಮೂರು ವರ್ಷದಲ್ಲಿ, ನಾಳೆ ಯಾರಿಗಾದರೂ ಹೇಳಬೇಕಾದ ಒಂದು ಮಾತೂ ನನ್ನ ಹತ್ತಿರ ಇರಲಿಲ್ಲ.